ರಸ್ತೆ ದಾಟೋಕೆ ಆಟೋ

ಕಳೆದ ದಸರಾಕ್ಕೆ ದಾವಣಗೆರೆಗೆ ಹೋಗಿದ್ದಾಗ ಅಪ್ಪನನ್ನು ಕಣ್ಣಿನ ಡಾಕ್ಟರ ಹತ್ತಿರ ಕರ್ಕೊಂಡು ಹೋಗೋದಿತ್ತು. ಕ್ಲಿನಿಕ್ ಇರೋದು ಪಿ.ಬಿ. ರೋಡಿನ ಆ ಕಡೆ. ಅಲ್ಲಿ ಗಾಡಿ ನಿಲ್ಲಿಸೋಕೆ ಜಾಗ ಸಿಗಲ್ಲ ಅಂತ ಕಾರನ್ನ ಈ ಕಡೆಯೇ ನಿಲ್ಲಿಸಿದ್ದೆ. ಎದುರಿಗೇ ಬೋರ್ಡು ಕಾಣ್ತಾ ಇತ್ತು. "ದಾಟೋಣ ಅಪ್ಪ" ಅಂದೆ. ಅಪ್ಪ ಎರಡು ನಿಮಿಷ ರಸ್ತೆ ನೋಡಿದರು. ಬಸ್ಸು, ಬುಲೆಟ್ಟು, ಟಿಪ್ಪರು, ರಾಂಗ್ ಸೈಡಲ್ಲಿ ಬರೋ ಸ್ಕೂಟಿ. ಆಮೇಲೆ ಬಹಳ ಸಮಾಧಾನವಾಗಿ ಹೇಳಿದರು: "ಆಟೋ ಮಾಡು."

ನಾನು ನಕ್ಕೆ. ಅವರು ನಗಲಿಲ್ಲ. ಆಟೋದವನೂ ನಗಲಿಲ್ಲ, ಅವನಿಗೆ ಇದು ದಿನಾ ಬರೋ ಬಾಡಿಗೆ ಅಂತ ಕಾಣುತ್ತೆ. ಮುಂದಿನ ಸರ್ಕಲ್ಲಿಗೆ ಹೋಗಿ, ತಿರುಗಿಸ್ಕೊಂಡು ಬಂದು, ಎದುರಿಗೆ ಇಳಿಸಿ 40 ರೂಪಾಯಿ ತಗೊಂಡ. ರಸ್ತೆ ದಾಟಿದ್ದಕ್ಕೆ 40 ರೂಪಾಯಿ. ಅಪ್ಪನಿಗೆ ಎಪ್ಪತ್ತೆರಡು. ಈ ಊರಲ್ಲೇ ಹುಟ್ಟಿ ಬೆಳೆದೋರು. ಮೂವತ್ತು ವರ್ಷ ಮಂಡಿಪೇಟೆ ಹತ್ತಿರ ಅಂಗಡಿ ನಡೆಸಿ, ದಿನಾ ಅಲ್ಲಿಗೆ ನಡ್ಕೊಂಡೇ ಹೋಗಿ ಬಂದೋರು. ಈಗ ಅದೇ ಊರಿನ ಒಂದು ರಸ್ತೆ ಅವರಿಗೆ ತುಂಬಿದ ಹೊಳೆ ಇದ್ದ ಹಾಗೆ. ದೋಣಿ ಇಲ್ಲದೆ ಆ ದಡ ಸೇರೋಕಾಗಲ್ಲ.

ಅವತ್ತಿಂದ ತಲೆಯಲ್ಲಿ ಒಂದು ಪ್ರಶ್ನೆ ಕೂತಿದೆ. ರಸ್ತೆ ಯಾರದ್ದು? ಕೇಳೋಕೆ ಸುಲಭ, "ಎಲ್ಲರದ್ದೂ" ಅಂತ ಉತ್ತರ ಕೊಡೋದೂ ಸುಲಭ. ಆದರೆ ಎಲ್ಲರದ್ದೂ ಆಗಿದ್ರೆ ಅಪ್ಪ ಯಾಕೆ 40 ರೂಪಾಯಿ ಕೊಟ್ಟರು?

ಪಿ.ಬಿ. ರೋಡು ಅಂದ್ರೆ ಪೂನಾ-ಬೆಂಗಳೂರು ರೋಡು. ಹೆಸರಲ್ಲೇ ಇದೆ ನೋಡಿ, ಅದು ದಾವಣಗೆರೆಯವರ ರಸ್ತೆ ಅಲ್ಲ, ದಾವಣಗೆರೆಯನ್ನ ದಾಟಿ ಹೋಗೋರ ರಸ್ತೆ. ಹೆದ್ದಾರಿ ಊರ ಹೊರಗೆ ಬೈಪಾಸ್ ಆಗಿ ವರ್ಷಗಳೇ ಆದವು. ಲಾರಿಗಳು ಆ ಕಡೆ ಹೋದವು, ಹೆದ್ದಾರಿಯ ಸ್ವಭಾವ ಮಾತ್ರ ಇಲ್ಲೇ ಉಳೀತು. ಇವತ್ತು ಅದರ ಎರಡೂ ಕಡೆ ಬಸ್ ಸ್ಟ್ಯಾಂಡು, ಬ್ಯಾಂಕು, ಥಿಯೇಟರು, ಆಸ್ಪತ್ರೆ, ಬೆಣ್ಣೆದೋಸೆ ಹೋಟ್ಲು ಎಲ್ಲ ಇದೆ. ಅಂದರೆ ಊರಿನ ನಡುಮನೆ ಅದು. ನಡುಮನೆಯಲ್ಲಿ ಯಾರಾದ್ರೂ ಅರವತ್ತು ಕಿಲೋಮೀಟರ್ ವೇಗದಲ್ಲಿ ಓಡ್ತಾರಾ?

ದಾವಣಗೆರೆ ಕಾರಿನ ಊರಾಗಿ ಹುಟ್ಟಿದ್ದೇ ಅಲ್ಲ. ಕಾಟನ್ ಮಿಲ್ಲುಗಳ ಕಾಲದಲ್ಲಿ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ಊರು. ಹದಿನಾಲ್ಕು ಕಿಲೋಮೀಟರ್ ಆಚೆ ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಶುರುವಾಯ್ತು. ಪಾಳಿ ಬಿಟ್ಟ ಹೊತ್ತಿಗೆ ರಸ್ತೆ ತುಂಬಾ ಸೈಕಲ್ಲೇ ಅಂತ ಅಪ್ಪ ಈಗಲೂ ಹೇಳ್ತಾರೆ. ನಮ್ಮಂಥೋರು ಬೆಂಗಳೂರಲ್ಲಿ ಕೂತು 'ಮಿಕ್ಸ್ಡ್ ಯೂಸ್' ಅಂತ ದೊಡ್ಡದಾಗಿ ಮಾತಾಡ್ತೀವಲ್ಲ, ಕೆಳಗೆ ಅಂಗಡಿ, ಮೇಲೆ ಮನೆ, ಪಕ್ಕದಲ್ಲಿ ಸ್ಕೂಲು, ಅದು ಹಳೇ ಪೇಟೆಯಲ್ಲಿ ಮೊದಲಿಂದ ಇದ್ದದ್ದೇ. ಅದಿಲ್ಲದೇ ಇರೋದು ಊರ ಹೊರಗಿನ ಹೊಸ ಲೇಔಟುಗಳಲ್ಲಿ. ಅಲ್ಲಿ ಒಂದು ಕಟ್ಟು ಕೊತ್ತಂಬರಿ ಸೊಪ್ಪಿಗೂ ಸ್ಕೂಟರ್ ತೆಗೀಬೇಕು.

2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿಯ ಮೊದಲ 20 ಊರುಗಳ ಪಟ್ಟಿ ಬಂತು. ಕರ್ನಾಟಕದಿಂದ ಇದ್ದದ್ದು ಎರಡೇ, ಬೆಳಗಾವಿ ಮತ್ತು ದಾವಣಗೆರೆ. ನಾನಾಗ ಬೆಂಗಳೂರಲ್ಲಿ ಮೊದಲನೇ ಕೆಲಸದಲ್ಲಿದ್ದೆ. ಆಫೀಸಲ್ಲಿ ಎಲ್ಲರಿಗೂ ಹೇಳ್ಕೊಂಡು ತಿರುಗಿದೆ. ಎರಡು ವರ್ಷ ಆದಮೇಲೆ ಚರ್ಚ್ ಸ್ಟ್ರೀಟ್ ಕಲ್ಲು ಹಾಸ್ಕೊಂಡು ಹೊಸದಾಯ್ತು. ಶನಿವಾರ ಸಂಜೆ ಅಲ್ಲಿ ಓಡಾಡ್ತಾ, ನಮ್ಮ ಪಿ.ಬಿ. ರೋಡೂ ಹೀಗಾಗಬೇಕು ಅಂತ ಕನಸು ಕಂಡಿದ್ದೇ ಕಂಡಿದ್ದು. ಅಗಲವಾದ ಫುಟ್‌ಪಾತು, ಮರದ ನೆರಳು, ಐದು ನಿಮಿಷಕ್ಕೊಂದು ಬಸ್ಸು, ಹರಿಹರದ ತನಕ.

ಈ ಕನಸಿನಲ್ಲಿ ತಪ್ಪೇನೂ ಇಲ್ಲ, ಈಗಲೂ ನನಗೆ ಹಾಗೇ ಅನ್ಸುತ್ತೆ. ನಡೆಯೋರ ಪರವಾದ ನೈತಿಕ ವಾದ ಬಹಳ ಸರಳ. ನಾನು ಕಾರಲ್ಲಿ ಹೋಗುವಾಗ ನಡ್ಕೊಂಡು ಹೋಗೋರಿಗೆ ಅಪಾಯ ತರ್ತೀನಿ. ಅವರು ನಡೆಯೋದರಿಂದ ನನಗೆ ಯಾವ ಅಪಾಯವೂ ಇಲ್ಲ. 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅದರಲ್ಲಿ 32 ಸಾವಿರಕ್ಕೂ ಹೆಚ್ಚು ಜನ ಪಾದಚಾರಿಗಳು. ಅಪಾಯ ತರೋನು ಒಬ್ಬ, ಅನುಭವಿಸೋನು ಇನ್ನೊಬ್ಬ ಅಂದಮೇಲೆ ಜಾಗ ಬಿಡಬೇಕಾದ್ದು ಯಾರು? ಇದಕ್ಕೆ ದೊಡ್ಡ ತತ್ವಶಾಸ್ತ್ರ ಬೇಕಿಲ್ಲ. ಮನೆಯಲ್ಲಿ ಬಿಸಿನೀರಿನ ಹಂಡೆ ಹೊತ್ತು ಬರೋನೇ ಹುಷಾರಾಗಿ ನಡೀಬೇಕು ತಾನೆ, ಎದುರಿಗೆ ಬರೋ ಮಗುವಲ್ಲ.

ಇಷ್ಟಕ್ಕೇ ಮುಗಿದಿದ್ರೆ ಈ ಬರಹವೂ ಇಲ್ಲಿಗೇ ಮುಗೀತಿತ್ತು. ಡಾಕ್ಟರ್ ಬರೋದು ತಡ ಆಗುತ್ತೆ ಅಂದ್ರು. ಕ್ಲಿನಿಕ್ ಹೊರಗೆ ಫುಟ್‌ಪಾತಿನ ಮೇಲೆ ಒಂದು ತಳ್ಳುಗಾಡಿ, ಮಿರ್ಚಿ-ಮಂಡಕ್ಕಿ. ಅಪ್ಪನಿಗೆ ಡಾಕ್ಟರು ಎಣ್ಣೆ ಪದಾರ್ಥ ಬೇಡ ಅಂದಿದ್ದಾರೆ, ಅದಕ್ಕೇ ಅವರಿಗೆ ಮಂಡಕ್ಕಿ ಮಾತ್ರ, ಮಿರ್ಚಿ ನನಗೆ. ಗಾಡಿ ಅಕ್ಕನ ಹತ್ತಿರ ಮಾತಿಗೆ ಮಾತು ಬಂತು. ಈ ಫುಟ್‌ಪಾತ್ ಅಗಲ ಮಾಡಿ ಚಂದ ಮಾಡಿದ್ರೆ ಎಷ್ಟು ಚೆನ್ನಾಗಿರುತ್ತಲ್ವಾ ಅಕ್ಕ ಅಂದೆ, ನನ್ನ ಕನಸು ಅವರಿಗೂ ಹಂಚೋ ಉತ್ಸಾಹದಲ್ಲಿ. ಬಾಣಲೆಯಿಂದ ಕಣ್ಣು ತೆಗೀದೆ ಅವರು ಹೇಳಿದರು: "ಚಂದ ಏನೋ ಆಗ್ತತಿ ತಮ್ಮ. ಚಂದ ಆದ್ಮ್ಯಾಲೆ ನಮ್ಮನ್ನ ಇಲ್ಲಿ ಯಾರು ಇರಾಕ್ ಬಿಡ್ತಾರೆ?"

ಮಿರ್ಚಿ ಖಾರ ಅಂತ ನೆಪ ಮಾಡ್ಕೊಂಡು ನೀರು ಕುಡಿದೆ. ಯಾಕಂದ್ರೆ ಆಗ ನನ್ನ ಹತ್ತಿರ ಉತ್ತರ ಇರಲಿಲ್ಲ. ನನ್ನ ಕನಸಿನ ಪಿ.ಬಿ. ರೋಡಲ್ಲಿ ಬೆಂಚಿತ್ತು, ಮರ ಇತ್ತು, ಕಾಫಿ ಶಾಪಿತ್ತು. ಈ ಅಕ್ಕ ಇರಲಿಲ್ಲ. ಬೇಡ ಅಂತ ತೆಗೆದದ್ದಲ್ಲ, ನೆನಪೇ ಆಗಿರಲಿಲ್ಲ. ಎರಡನೆಯದು ಮೊದಲನೆಯದಕ್ಕಿಂತ ಒಳ್ಳೇದು ಅಂತ ಹೇಳೋಕೆ ನನಗೆ ಧೈರ್ಯ ಇಲ್ಲ.

ನಡೆಯೋದು ನನಗೆ ಆಯ್ಕೆ. ಸ್ಮಾರ್ಟ್‌ವಾಚಲ್ಲಿ ಹೆಜ್ಜೆ ಎಣಿಸಿಕೊಂಡು, ಖುಷಿಗೆ ನಡೀತೀನಿ. ಆ ಅಕ್ಕನಿಗೆ, ಹಳ್ಳಿಯಿಂದ ಬಸ್ಸಲ್ಲಿ ಬಂದು ಆಸ್ಪತ್ರೆ ಹುಡುಕೋರಿಗೆ, ನಡೆಯೋದು ಬೇರೆ ದಾರಿ ಇಲ್ಲದ್ದಕ್ಕೆ. ಖುಷಿಗೆ ನಡೆಯೋರಿಗೆ ಅಂತ ರಸ್ತೆ ಚಂದ ಮಾಡಿ, ದಾರಿ ಇಲ್ಲದೆ ನಡೆಯೋರನ್ನ ಅಲ್ಲಿಂದ ಕಳಿಸಿದ್ರೆ, ಅದಕ್ಕೆ ಊರು ಸುಧಾರಿಸ್ತು ಅನ್ನಬೇಕಾ, ಊರು ಕೈ ಬದಲಾಯ್ತು ಅನ್ನಬೇಕಾ?

ಕಾನೂನು ಏನು ಹೇಳುತ್ತೆ ಅಂತ ಆಮೇಲೆ ಓದಿದೆ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು, ಪಾದಚಾರಿಗಳಿಗೆ ಫುಟ್‌ಪಾತ್ ಬಳಸೋ ಹಕ್ಕು ಸಂವಿಧಾನದ 21ನೇ ವಿಧಿಯಲ್ಲೇ ಬರುತ್ತೆ ಅಂತ ಹೇಳಿತು. ಅಂದ್ರೆ ಬದುಕುವ ಹಕ್ಕಿನ ಭಾಗ. 1989ರಲ್ಲಿ ಸೋದನ್ ಸಿಂಗ್ ಪ್ರಕರಣದಲ್ಲಿ ಅದೇ ಕೋರ್ಟು, ಬೀದಿಯಲ್ಲಿ ವ್ಯಾಪಾರ ಮಾಡೋದು 19ನೇ ವಿಧಿಯ ಮೂಲಭೂತ ಹಕ್ಕು, ಅದಕ್ಕೆ ಸರಿಯಾದ ನಿರ್ಬಂಧ ಹಾಕಬಹುದು ಅಂತ ಹೇಳಿತ್ತು. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಇನ್ನೂ ಮುಂದೆ ಹೋಗುತ್ತೆ. ಪ್ರತಿ ಊರಲ್ಲೂ ಪಟ್ಟಣ ವ್ಯಾಪಾರ ಸಮಿತಿ ಇರಬೇಕು, ಅದರಲ್ಲಿ ಕನಿಷ್ಠ ಶೇ. 40 ಜನ ವ್ಯಾಪಾರಿಗಳೇ ಇರಬೇಕು, ಸಮೀಕ್ಷೆ ಮುಗಿಯೋ ತನಕ ಯಾರನ್ನೂ ಎಬ್ಬಿಸುವ ಹಾಗಿಲ್ಲ. ಹಾಗಾದ್ರೆ ಆ ಆರಡಿ ಫುಟ್‌ಪಾತಿನ ಮೇಲೆ ಅಪ್ಪನ ಹಕ್ಕೂ ಇದೆ, ಅಕ್ಕನ ಹಕ್ಕೂ ಇದೆ. ಇಬ್ಬರೂ ಸರಿ. ಜಾಗ ಸಾಲ್ತಿಲ್ಲ.

ಇಲ್ಲಿಗೆ ಬಂದಾಗ ನಾವು ಸಾಮಾನ್ಯವಾಗಿ "ಬಡವರಾ, ಪಾದಚಾರಿಗಳಾ" ಅಂತ ತಕ್ಕಡಿ ಹಿಡೀತೀವಿ. ನಾನೂ ಹಿಡಿದೆ. ವಾಪಸ್ ಆಟೋದಲ್ಲಿ ಈ ಕಡೆ ಬಂದು ಇಳಿದಾಗ ಕಂಡದ್ದು ನನ್ನದೇ ಕಾರು. ಎಡಗಡೆಯ ಎರಡು ಚಕ್ರ ಫುಟ್‌ಪಾತಿನ ಮೇಲೆ. ಕೈಯಲ್ಲಿ ಸಂತೆ ಚೀಲ ಹಿಡಿದ ಒಬ್ಬ ಹೆಂಗಸು ಕಾರಿನ ಹತ್ತಿರ ಬಂದು, ಜಾಗ ಇಲ್ಲದೆ ರಸ್ತೆಗೆ ಇಳಿದು, ಬಸ್ಸಿಗೆ ಹೆದರಿ ನಿಂತು, ಸುತ್ತಿ ಹೋದರು.

ಒಂದು ಲೆಕ್ಕ ಮಾಡಿ. ಕಾರು ನಿಲ್ಲೋಕೆ ಸಾಮಾನ್ಯವಾಗಿ ಎರಡೂವರೆ ಮೀಟರ್ ಅಗಲ, ಐದು ಮೀಟರ್ ಉದ್ದ ಬೇಕು. ಹನ್ನೆರಡೂವರೆ ಚದರ ಮೀಟರ್. ಆರಡಿ ಉದ್ದ, ನಾಲ್ಕಡಿ ಅಗಲದ ತಳ್ಳುಗಾಡಿಗೆ ಸುಮಾರು ಎರಡೂಕಾಲು. ನನ್ನ ಒಂದು ಕಾರಿನ ಜಾಗದಲ್ಲಿ ಐದು ಗಾಡಿ ನಿಲ್ಲುತ್ತೆ, ಐದು ಮನೆಯ ಒಲೆ ಉರಿಯುತ್ತೆ. ಹಾಗಿದ್ರೂ ಗಾಡಿ ನಿಂತರೆ ಅದಕ್ಕೆ 'ಅತಿಕ್ರಮಣ' ಅಂತೀವಿ. ಕಾರು ನಿಂತರೆ 'ಪಾರ್ಕಿಂಗ್'. ಜಾಗ ಒಂದೇ, ಸರ್ಕಾರದ್ದೇ, ಇಬ್ಬರೂ ಬಾಡಿಗೆ ಕೊಡ್ತಿಲ್ಲ. ಹೆಸರು ಮಾತ್ರ ಬೇರೆ. ಅಪ್ಪ ಮತ್ತು ಅಕ್ಕ ಆರಡಿಗಾಗಿ ಕಿತ್ತಾಡೋ ಹಾಗೆ ಮಾಡಿದ್ದು ಆ ಜಗಳದಲ್ಲಿ ಹೆಸರೇ ಇಲ್ಲದ ಮೂರನೆಯವನು. ಅವನು ನಾನು.

ರಾತ್ರಿ ಊಟಕ್ಕೆ ಕೂತಾಗ ಇದನ್ನ ಅಪ್ಪನ ಮುಂದೆ ಇಟ್ಟೆ. ಅವರು ಒಪ್ಪಲಿಲ್ಲ. "ಗಾಡಿ ನಿಲ್ಲಿಸೋಕೆ ಜಾಗ ಇಲ್ಲ ಅಂದ್ರೆ ಅಂಗಡಿಗೆ ಯಾರು ಬರ್ತಾರೆ? ನೀನು ಸಂಬಳದೋನು, ನಿನಗೇನು ಗೊತ್ತು ವ್ಯಾಪಾರ." ಬೆಳಿಗ್ಗೆ ರಸ್ತೆ ದಾಟೋಕಾಗದೆ ಆಟೋ ಹತ್ತಿದ ಅಪ್ಪನೇ ರಾತ್ರಿ ಪಾರ್ಕಿಂಗ್ ಪರ ವಕೀಲರಾದರು. ನಾನು ವಾದ ಮಾಡಲಿಲ್ಲ, ಒಂದೇ ಕೇಳಿದೆ. ನಿಮ್ಮ ಅಂಗಡಿಗೆ ಬರ್ತಿದ್ದೋರು ಹೆಂಗೆ ಬರ್ತಿದ್ರು? ಅಪ್ಪ ಮುದ್ದೆ ಮುರಿಯೋದು ನಿಲ್ಲಿಸಿ ಯೋಚನೆ ಮಾಡಿದರು. ಹೊನ್ನಾಳಿ ಕಡೆಯೋರು, ಜಗಳೂರು ಕಡೆಯೋರು, ಹರಿಹರದೋರು. ಬಸ್ಸಿಳಿದು ನಡ್ಕೊಂಡು. "ಕಾರು ನಿಲ್ಲಿಸ್ತಿದ್ದೋರು ನಾವೇ ಅಂಗಡಿಯೋರು" ಅಂತ ಹೇಳಿ ಅವರೇ ನಕ್ಕರು. ಬೆಳಿಗ್ಗೆಯಿಂದ ಅದು ಮೊದಲ ನಗು.

ಕಳೆದುಕೊಳ್ಳೋದರಲ್ಲಿ ಎರಡು ಥರ ಇದೆ ಅನ್ನೋದು ನನಗೆ ಅಲ್ಲಿ ಹೊಳೀತು. ರಸ್ತೆ ಬದಲಾದಾಗ ನನ್ನ ಬಿಟ್ಟಿ ಪಾರ್ಕಿಂಗ್ ಹೋಗುತ್ತೆ, ಅಂಗಡಿಯೋರು ಚರಂಡಿ ಮೇಲೆ ಚಾಚಿದ ಕಟ್ಟೆ ಹೋಗುತ್ತೆ. ಗಾಡಿ ಅಕ್ಕನ ಅನ್ನವೂ ಹೋಗಬಹುದು. ಇವೆಲ್ಲ 'ನಷ್ಟ'ವೇ, ಆದರೆ ಒಂದೇ ತೂಕದ್ದಲ್ಲ. ಮೊದಲಿನವು ಅಭ್ಯಾಸವಾಗಿಬಿಟ್ಟ ಸವಲತ್ತು, ಕೊನೆಯದು ಬದುಕು. ಸಭೆಯಲ್ಲಿ ಗಟ್ಟಿಯಾಗಿ ಕೇಳಿಸೋದು ಮೊದಲಿನವರ ದನಿ. ಹಾಗಾಗಿ ಒಂದು ರಸ್ತೆ ಯೋಜನೆ ನ್ಯಾಯವಾದ್ದಾ ಅಂತ ನೋಡೋಕೆ ನಾನೀಗ ಚಿತ್ರದಲ್ಲಿ ಮರ ಎಷ್ಟಿದೆ ಅಂತ ಎಣಿಸಲ್ಲ. ಇದರ ಬೆಲೆ ಯಾರು ಕೊಡ್ತಿದ್ದಾರೆ, ಅವರನ್ನ ಮೊದಲೇ ಕೇಳಿದ್ರಾ, ಅಂತ ನೋಡ್ತೀನಿ.

ಒಳ್ಳೇ ಉದ್ದೇಶ ಇದ್ದರೂ ಇದು ತಪ್ಪಬಹುದು. ನಮ್ಮ ಹಾಗೇ ಜೋಡಿ ಊರಾದ ಹುಬ್ಬಳ್ಳಿ-ಧಾರವಾಡ ನೋಡಿ. 22 ಕಿಲೋಮೀಟರ್ ಬಿಆರ್‌ಟಿಎಸ್, 2018ರ ಅಕ್ಟೋಬರಲ್ಲಿ 'ಚಿಗರಿ' ಬಸ್ಸು ಓಡಾಟ ಶುರು. ಬಸ್ಸಿಗೆ ಅಂತಲೇ ರಸ್ತೆ ಮಧ್ಯೆ ಜಾಗ ಕೊಟ್ಟದ್ದು ಧೈರ್ಯದ ಕೆಲಸ, ಕಾರಿಗಿಂತ ಬಸ್ಸಿಗೆ ಮೊದಲ ಮಣೆ ಹಾಕಿದ್ದು ನ್ಯಾಯವೇ. ಆದರೆ ಅದಕ್ಕಾಗಿ ರಸ್ತೆ ಅಗಲವಾಯ್ತು, ಮರಗಳು ಹೋದವು, ನಿಲ್ದಾಣ ನಡುರಸ್ತೆಗೆ ಬಂತು. ಬಸ್ಸು ಹತ್ತೋಕೆ ಮೊದಲು ವಾಹನಗಳ ಸಾಲು ದಾಟಲೇಬೇಕು. ನಮ್ಮಪ್ಪನಂಥೋರಿಗೆ ಬಸ್ಸು ವೇಗವಾಗಿ ಹೋದರೆ ಸಾಲದು, ಬಸ್ಸಿನ ತನಕ ಹೋಗೋಕಾಗಬೇಕು.

ಹಾಗಾದ್ರೆ ಪಿ.ಬಿ. ರೋಡಲ್ಲಿ ಏನು ಮಾಡೋದು? ನಾನು ಎಂಜಿನಿಯರ್ ಅಲ್ಲ. ಆದರೂ ಕೆಲವು ಸಣ್ಣ ವಿಷಯ ಹೇಳಬಹುದು. ರಸ್ತೆ ಬದಿ ಕಾರು ನಿಲ್ಲಿಸೋಕೆ ದುಡ್ಡು ತಗೊಳ್ಳಲಿ, ನನ್ನಿಂದಲೇ ಶುರು ಮಾಡಲಿ. ಹಾಗೆ ಉಳಿದ ಜಾಗದಲ್ಲಿ ನಡೆಯೋರಿಗೆ ಒಂದು ಪಟ್ಟಿ, ಗಾಡಿಗಳಿಗೆ ಒಂದು ಪಟ್ಟಿ, ಗೆರೆ ಎಳೆದು ಕೊಡಲಿ. ಗೆರೆ ಎಳೆಯೋ ಮೊದಲು ಆ ಅಕ್ಕನಂಥೋರನ್ನ ಕೂರಿಸಿಕೊಂಡು ಕೇಳಲಿ. ದಾಟೋ ಕಡೆ ರಸ್ತೆಯನ್ನೇ ಫುಟ್‌ಪಾತಿನ ಮಟ್ಟಕ್ಕೆ ಎತ್ತರಿಸಲಿ, ಆಗ ಕಾರು ನಿಧಾನ ಮಾಡಲೇಬೇಕಾಗುತ್ತೆ. ಸ್ಕೈವಾಕ್ ಮಾತ್ರ ಬೇಡ. ಮಂಡಿನೋವಿನವರನ್ನ ಮೆಟ್ಟಿಲು ಹತ್ತಿಸಿ ಕಾರನ್ನ ನೆಟ್ಟಗೆ ಬಿಡೋದು ಯಾವ ನ್ಯಾಯ?

ಇಷ್ಟು ಮಾಡಿದ್ರೂ ಒಂದು ಕಷ್ಟ ಉಳಿಯುತ್ತೆ. ರಸ್ತೆ ಚೆನ್ನಾದರೆ ಬಾಡಿಗೆ ಏರುತ್ತೆ. ಗಾಡಿಗೆ ಗೆರೆ ಎಳೆದು ಕೊಟ್ಟರೂ, ಹಿಂದಿನ ಸಣ್ಣ ಹೋಟ್ಲು, ಟೈಲರು, ಸೈಕಲ್ ಶಾಪು ಉಳಿಯುತ್ತಾ? ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಉತ್ತರ ಇಲ್ಲ ಅಂತ ರಸ್ತೆಯನ್ನ ಹೀಗೇ ಬಿಡೋದೂ ಸರಿ ಅನ್ನಿಸಲ್ಲ. ಹೀಗೇ ಬಿಟ್ಟರೆ ಬೆಲೆ ಕೊಡ್ತಾ ಇರೋದು ದಿನಾ ದಾಟೋ ಜೀವಗಳು.

ಮರುದಿನ ಅಪ್ಪ ಹರಿಹರಕ್ಕೆ ಹೋಗೋಣ ಅಂದರು. ಕಾರು ಬಿಟ್ಟು ಬಸ್ಸಲ್ಲೇ ಹೋದೆವು. ಬಸ್ಸಿಳಿದು ಹಳೇ ಊರಿನ ಓಣಿಗಳಲ್ಲಿ ಹರಿಹರೇಶ್ವರನ ಗುಡಿಗೆ ನಡೆದೆವು. ಹೊಯ್ಸಳರ ದಂಡನಾಯಕ ಪೋಲಾಳ್ವ ಸುಮಾರು 1224ರಲ್ಲಿ ಕಟ್ಟಿಸಿದ ಗುಡಿ, ಒಂದೇ ಮೂರ್ತಿಯಲ್ಲಿ ಅರ್ಧ ಹರಿ, ಅರ್ಧ ಹರ. ಅಲ್ಲಿನ ಓಣಿಯನ್ನ ಹೊಗಳ್ತಿಲ್ಲ, ಚರಂಡಿ ವಾಸನೆ ಇದೆ, ಕಲ್ಲು ಎದ್ದಿವೆ. ಆದರೆ ಬೈಕಿನವನು ಹೂವಿನ ಬುಟ್ಟಿಯ ಹಿಂದೆ ನಿಂತು ಕಾಯ್ತಿದ್ದ, ಯಾಕಂದ್ರೆ ಬೇರೆ ದಾರಿ ಇರಲಿಲ್ಲ. ಅಪ್ಪ ನನಗಿಂತ ಹತ್ತು ಹೆಜ್ಜೆ ಮುಂದೆ ಹೋಗ್ತಿದ್ದರು, ಅಂಗಡಿಗಳನ್ನ ನೋಡ್ಕೊಂಡು, ಪರಿಚಯದವರನ್ನ ಮಾತಾಡಿಸ್ಕೊಂಡು.

ಸಂಜೆ ವಾಪಸ್ ಬಂದು ಪಿ.ಬಿ. ರೋಡಲ್ಲಿ ಇಳಿದೆವು. ಮನೆ ಕಡೆ ಹೋಗೋಕೆ ರಸ್ತೆ ದಾಟಬೇಕಿತ್ತು. ಅಪ್ಪ ನನ್ನ ಮುಖ ನೋಡಿದರು. ನಾನು ಆಟೋ ಕರೆದೆ.