ಹಿರಿಯರ ಹೆಸರು ಮತ್ತು ಅರ್ಧ ಸಾಕ್ಷ್ಯ



ನೀವು ರಾಜಾಜಿನಗರದ ನಿವಾಸಿಯಾಗಿರಬಹುದು ಅಥವಾ ಬಸ್ಸಿನ ಬೋರ್ಡಿನಲ್ಲಿ ಆ ಹೆಸರನ್ನು ನಿತ್ಯವೂ ಓದುತ್ತಿರಬಹುದು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಕಲಿತ ಚಕ್ರವರ್ತಿ ರಾಜಗೋಪಾಲಾಚಾರಿಯವರ ಹೆಸರದು. ಆದರೆ ಅವರ ವಿಚಾರಗಳ ವಾರಸುದಾರರು ಯಾರು?

1959ರಲ್ಲಿ ಸ್ವತಂತ್ರ ಪಕ್ಷವನ್ನು ಕಟ್ಟಿದ ರಾಜಾಜಿ, ಪ್ರತಿಯೊಂದಕ್ಕೂ ಸರಕಾರದ ಅಪ್ಪಣೆ ಬೇಡುವ ವ್ಯವಸ್ಥೆಯನ್ನು ‘ಲೈಸೆನ್ಸ್-ಪರ್ಮಿಟ್ ರಾಜ್’ ಎಂದು ಖಂಡಿಸಿದರು. 1991ರ ಉದಾರೀಕರಣದ ಬಳಿಕ ಮುಕ್ತ ಮಾರುಕಟ್ಟೆಯ ಪ್ರತಿಪಾದಕರು ಅವರನ್ನು ತಮ್ಮ ಹಿರಿಯರೆಂದು ಕೊಂಡಾಡುತ್ತಾರೆ. ಅದರಲ್ಲಿ ಸುಳ್ಳಿಲ್ಲ. ಆದರೆ ಅದು ಪೂರ್ಣ ಸತ್ಯವೇ? ಇದೇ ರಾಜಾಜಿ 1937ರಲ್ಲಿ ಮದ್ರಾಸ್ ಪ್ರಾಂತದ ಆಡಳಿತದ ಹೊಣೆ ಹೊತ್ತಾಗ ಸೇಲಂ ಜಿಲ್ಲೆಯಲ್ಲಿ ಪಾನನಿಷೇಧವನ್ನು ಜಾರಿಗೊಳಿಸಿದರು. ಅಬಕಾರಿ ಆದಾಯದ ನಷ್ಟವನ್ನು ತುಂಬಿಕೊಳ್ಳಲು 1939ರಲ್ಲಿ ಮಾರಾಟ ತೆರಿಗೆಯನ್ನೂ ತಂದರು. ಖಜಾನೆ ತುಂಬಲು ಬಡವನ ಕುಡಿತದ ಹಣ ಬೇಡ ಎಂಬುದೇ ಇದರ ಅರ್ಥವಲ್ಲವೇ? ಅವರನ್ನು ಹೊಗಳುವವರಲ್ಲಿ ಎಷ್ಟು ಮಂದಿ ಇದನ್ನು ನೆನಪಿಸುತ್ತಾರೆ?

ವಿರೋಧಿಗಳ ಸ್ಥಿತಿಯೂ ಭಿನ್ನವಲ್ಲ. ಅರ್ಧ ದಿನ ಶಾಲೆ, ಉಳಿದ ಹೊತ್ತು ಹೆತ್ತವರ ಕಸುಬು ಎಂಬ ಅವರ 1953ರ ಶಿಕ್ಷಣ ಯೋಜನೆಯು ಜಾತಿಯ ಕಟ್ಟನ್ನು ಬಿಗಿಗೊಳಿಸುತ್ತದೆಂಬ ಆಕ್ಷೇಪ ನ್ಯಾಯವಾದುದೇ. 1954ರಲ್ಲಿ ಅವರು ಅಧಿಕಾರ ಬಿಡಬೇಕಾಯಿತು. ಆದರೆ ಅದೊಂದರಲ್ಲೇ ಆ ಬದುಕು ಮುಗಿಯಿತೇ? ಸಮಾಜವಾದವನ್ನು ಕಟುವಾಗಿ ಟೀಕಿಸುತ್ತಿದ್ದ ಅವರು ಅಮೆರಿಕದ ಬಾಂಬನ್ನು ಸಮರ್ಥಿಸಲಿಲ್ಲ. 1962ರಲ್ಲಿ, ತಮ್ಮ 83ನೆಯ ವಯಸ್ಸಿನಲ್ಲಿ, ವಾಷಿಂಗ್ಟನ್‌ಗೆ ಹೋಗಿ ಅಣ್ವಸ್ತ್ರ ಪರೀಕ್ಷೆಗಳನ್ನು ನಿಲ್ಲಿಸುವಂತೆ ಅಧ್ಯಕ್ಷ ಕೆನಡಿಯವರನ್ನೇ ಕೇಳಿಕೊಂಡರು.

ನ್ಯಾಯಾಲಯದಲ್ಲಿ ಕಂಡದ್ದರಲ್ಲಿ ಅರ್ಧವನ್ನಷ್ಟೇ ಹೇಳುವ ಸಾಕ್ಷಿಯನ್ನು ನಾವು ಪ್ರಾಮಾಣಿಕನೆನ್ನುವುದಿಲ್ಲ. ಅವನು ಆಡಿದ ಪ್ರತಿ ಮಾತೂ ನಿಜವಿರಬಹುದು. ಆದರೂ ಅನ್ಯಾಯವಾಗುವುದು ಅವನು ನುಂಗಿಕೊಂಡ ಮಾತಿನಿಂದ. ಗತಿಸಿದವರ ವಿಷಯದಲ್ಲಂತೂ ಈ ಹೊಣೆ ಇನ್ನೂ ಹೆಚ್ಚಿನದು. ಏಕೆಂದರೆ ಅವರು ಎದ್ದು ಬಂದು ನಮ್ಮನ್ನು ತಿದ್ದಲಾರರು.

ಒಬ್ಬ ಚಿಂತಕನ ಎಲ್ಲವನ್ನೂ ಒಪ್ಪಬೇಕೆಂದು ಇದರ ಅರ್ಥವಲ್ಲ. ಒಪ್ಪದಿರುವುದು ತಪ್ಪಲ್ಲ, ಮುಚ್ಚಿಡುವುದು ತಪ್ಪು. ಯಾರ ಹೆಸರನ್ನಾದರೂ ನಮ್ಮ ವಾದಕ್ಕೆ ಆಸರೆಯಾಗಿ ಎತ್ತುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳೋಣ: ಇವರ ಯಾವ ಮಾತು ನನಗೆ ಚುಚ್ಚುತ್ತದೆ? ಉತ್ತರ ಹೊಳೆಯದಿದ್ದರೆ ನಾವು ಅವರನ್ನು ಅರಿತಿಲ್ಲ, ಬಳಸಿಕೊಂಡಿದ್ದೇವೆ ಅಷ್ಟೇ. ಪಕ್ಕದ ಬಸವೇಶ್ವರನಗರದ ಹೆಸರಿಗೂ ಈ ಮಾತು ಸಲ್ಲುತ್ತದೆ. ಕಾಯಕವನ್ನು ಹೊಗಳಿ ದಾಸೋಹವನ್ನು ಮರೆಯುವುದು ನಮಗೆ ಎಷ್ಟು ಸುಲಭ!