ಕೆಂಪು ದೀಪ ಯಾರಿಗೆ?

ಬೀದರಿನ ಅಷ್ಟೂರಿಗೆ ಬಂದವರು ಅಹಮದ್ ಶಾ ವಲಿಯ ಗುಮ್ಮಟದೊಳಗಿನ ಬಣ್ಣದ ಚಿತ್ತಾರ ನೋಡಿ ಬೆರಗಾಗ್ತಾರೆ. ಕಣ್ಣು ಕಾಣದ ನನಗೆ ಅಲ್ಲಿರೋದು ದನಿ. ಉರುಸಿನಲ್ಲಿ ಅದೇ ವಲಿಯನ್ನು ಅಲ್ಲಮಪ್ರಭು ಅನ್ನುವ ಲಿಂಗಾಯತರ ಜಯಕಾರ, ಮುಸ್ಲಿಮರ ದುವಾ, ಎರಡನ್ನೂ ಬೆರೆಸಿಬಿಡುವ ಗುಮ್ಮಟ. ಅದಕ್ಕೇ ರೆಕಾರ್ಡರ್ ಬೇಕಾಯ್ತು.

ಹೆಚ್ಚಿನವು ಪರದೆ ನೋಡಿಯೇ ನಡೆಸಬೇಕಾದವು. 2024ರಲ್ಲಿ ಬಂದ ಜೂಮ್ ಎಚ್1 ಎಸೆನ್ಶಿಯಲ್ ಮೆನು ಓದಿ ಹೇಳ್ತದೆ (ಕನ್ನಡದಲ್ಲಲ್ಲ, ಇರಲಿ). 32 ಬಿಟ್ ಫ್ಲೋಟ್ ಇರೋದ್ರಿಂದ ಲೆವೆಲ್ ಮೀಟರ್ ನೋಡುವ ಹಂಗೂ ಇಲ್ಲ.

ಆದರೆ ರೆಕಾರ್ಡಿಂಗಿನ ಕೆಂಪು ದೀಪ? ಅದು ಎದುರಿನವರಿಗೂ ಸೂಚನೆ. ಅದನ್ನು ಕಂಡು ಯಾರಾದರೂ ಮುಖ ತಿರುಗಿಸಿದರೆ ನನಗೆ ಗೊತ್ತಾಗಲ್ಲ. ನೀವು ಯಾರನ್ನೂ ಕೇಳದೆ ಜಾತ್ರೆ ನೋಡ್ತೀರಿ, ನನ್ನ ರೆಕಾರ್ಡಿಂಗೂ ಹಾಗೇ ಅಂತ ವಾದಿಸಬಹುದು. ನಾನು ಒಪ್ಪಲ್ಲ. ನೋಟ ಜಾರಿ ಹೋಗ್ತದೆ, ಫೈಲು ಉಳೀತದೆ. ಗೋರಿ ಮುಂದೆ ಮಗನ ಕಾಯಿಲೆ ಹೇಳಿಕೊಳ್ಳುವ ತಾಯಿ ಅದನ್ನು ನನಗೆ ಹೇಳ್ತಿಲ್ಲ.

ಹಾಗಾಗಿ ಬಾಯಿಬಿಟ್ಟೇ ಕೇಳ್ತೀನಿ: “ಅವ್ವಾ, ರೆಕಾರ್ಡ್ ಮಾಡ್ಲೇನ್ರಿ?” “ಬ್ಯಾಡಪ್ಪ” ಅಂದರೆ ಯಂತ್ರ ಜೇಬಿಗೆ. ಹೂಂ ಅಂದವರೂ ದನಿ ತಗ್ಗಿಸ್ತಾರೆ, ಇಲ್ಲಾ ಮೈಕಿಗಂತಲೇ ಏರಿಸ್ತಾರೆ. ಸಹಜ ದನಿ ತಪ್ಪಿಹೋಗ್ತದೆ. ಹೋಗಲಿ.