ಋತ್ವಿಜನನ್ನು ಕೈಬಿಟ್ಟ ಯಜಮಾನ

2025ರ ಸೆಪ್ಟೆಂಬರ್ 1ರಂದು ಜರ್ಮನಿಯ ಬಾಯರ್ ಲೆವರ್‌ಕುಸೆನ್ ಕ್ಲಬ್ ತನ್ನ ಕೋಚ್ ಎರಿಕ್ ಟೆನ್ ಹಾಗ್ ಅವರನ್ನು ಮನೆಗೆ ಕಳಿಸಿತು. ಲೀಗಿನಲ್ಲಿ ಅವರ ತಂಡ ಆಡಿದ್ದು ಎರಡೇ ಪಂದ್ಯ. ಸ್ವಂತ ಮೈದಾನದಲ್ಲಿ ಹಾಫನ್‌ಹೈಮ್ ಎದುರು 1–2ರ ಸೋಲು, ಬ್ರೆಮೆನ್‌ನಲ್ಲಿ 3–3ರ ಡ್ರಾ. ಅದಕ್ಕೂ ಮೊದಲು ಜರ್ಮನ್ ಕಪ್‌ನಲ್ಲಿ ಕೆಳದರ್ಜೆಯ ತಂಡವೊಂದನ್ನು 4–0ರಿಂದ ಸೋಲಿಸಿದ್ದೂ ಉಂಟು. ಬುಂಡೆಸ್‌ಲಿಗಾದ ಇತಿಹಾಸದಲ್ಲಿ ಋತು ಶುರುವಾಗಿ ಇಷ್ಟು ಬೇಗ ಯಾವ ಕೋಚ್‌ನ ಕೆಲಸವೂ ಹೋಗಿರಲಿಲ್ಲ.

ಆ ಕ್ಲಬ್ ಆಗ ಯಾವ ಸ್ಥಿತಿಯಲ್ಲಿತ್ತು ಎಂಬುದನ್ನು ನೆನಪಿಡಬೇಕು. 2023–24ರಲ್ಲಿ ಒಂದೂ ಪಂದ್ಯ ಸೋಲದೆ ಲೀಗ್ ಗೆದ್ದಿದ್ದ ತಂಡ ಅದು. 2025ರ ಬೇಸಿಗೆಯಲ್ಲಿ ಕೋಚ್ ಶಾಬಿ ಅಲೊನ್ಸೊ ರಿಯಲ್ ಮ್ಯಾಡ್ರಿಡ್‌ಗೆ ಹೋದರು. ಫ್ಲೋರಿಯನ್ ವಿರ್ಟ್ಸ್ ಮತ್ತು ಜೆರೆಮಿ ಫ್ರಿಂಪಾಂಗ್ ಲಿವರ್‌ಪೂಲ್ ಸೇರಿದರು; ಯೊನಾಥನ್ ತಾ ಬಯರ್ನ್‌ಗೆ, ಗ್ರಾನಿಟ್ ಶಾಕಾ ಸಂಡರ್‌ಲ್ಯಾಂಡ್‌ಗೆ, ಗೋಲ್‌ಕೀಪರ್ ಲೂಕಾಸ್ ಹ್ರಾಡೆಟ್ಸ್ಕಿ ಮೊನಾಕೊಗೆ. ಹೀಗೆ ಬೆನ್ನೆಲುಬೇ ಹೋದ ತಂಡವನ್ನು ಹೊಸದಾಗಿ ಕಟ್ಟಲೆಂದು ಕ್ಲಬ್ ಟೆನ್ ಹಾಗ್ ಜೊತೆ 2027ರವರೆಗೆ ಕರಾರು ಮಾಡಿಕೊಂಡಿತ್ತು. ಬ್ರೆಮೆನ್‌ನಲ್ಲಿ ಅವರ ಹುಡುಗರು 3–1ರಿಂದ ಮುಂದಿದ್ದರು, ಎದುರಾಳಿಗಳಲ್ಲಿ ಒಬ್ಬನಿಗೆ ಕೆಂಪು ಕಾರ್ಡ್ ಸಿಕ್ಕು ಹತ್ತೇ ಜನ ಉಳಿದಿದ್ದರು. ಆದರೂ ಕೊನೆಗಳಿಗೆಯಲ್ಲಿ ಗೆಲುವು ಕೈತಪ್ಪಿತು. ಎರಡು ದಿನ ಕಳೆಯುವಷ್ಟರಲ್ಲಿ ಕೋಚ್ ತಲೆದಂಡವಾಯಿತು.

ಕ್ರೀಡಾಪುಟದ ಸುದ್ದಿಯೆಂದು ಇದನ್ನು ಓದಿ ಮರೆಯಬಹುದು. ಆದರೆ ಇದರೊಳಗೆ ಧರ್ಮಜಿಜ್ಞಾಸೆಯ ಬಹು ಹಳೆಯ ಪ್ರಶ್ನೆಯೊಂದಿದೆ. ಕರ್ಮ ಮಾಡುವವನೊಬ್ಬ, ಮಾಡಿಸುವವನು ಮತ್ತೊಬ್ಬ, ಫಲ ಬರುವುದು ಇನ್ನೆಂದೋ. ಹಾಗಿರುವಾಗ ಆ ಫಲ ಯಾರದು? ಬಾರದೆ ಹೋದರೆ ದೋಷ ಯಾರ ತಲೆಗೆ?

ಈ ಪ್ರಶ್ನೆಯನ್ನು ಪೂರ್ವಮೀಮಾಂಸಕರಷ್ಟು ಪಟ್ಟುಹಿಡಿದು ಕೆದಕಿದವರು ವಿರಳ. ಯಜ್ಞದಲ್ಲಿ ಮಂತ್ರ ಹೇಳುವವರು, ಆಹುತಿ ಹಾಕುವವರು, ಸಾಮ ಹಾಡುವವರು ಋತ್ವಿಜರು. ದೊಡ್ಡ ಸೋಮಯಾಗಕ್ಕೆ ಇಂಥ ಹದಿನಾರು ಮಂದಿ ಬೇಕು. ಬೆಂಕಿಯ ಮುಂದೆ ಕೂತು ದುಡಿಯುವವರು ಅವರೇ. ಆದರೂ ಸ್ವರ್ಗವೆಂಬ ಫಲ ಸಲ್ಲುವುದು ಯಜಮಾನನಿಗೆ ಎಂದು ಮೀಮಾಂಸೆಯ ಸಿದ್ಧಾಂತ. ಸಂಕಲ್ಪ ಅವನದು, ದಕ್ಷಿಣೆ ಕೊಟ್ಟು ಋತ್ವಿಜರ ಸೇವೆ ಪಡೆದವನೂ ಅವನೇ. ಇನ್ನೊಂದು ತೊಡಕು ಕಾಲದ್ದು. ಯಜ್ಞ ಇವತ್ತಿಗೆ ಮುಗಿದು ಕುಂಡ ಆರುತ್ತದೆ, ಸ್ವರ್ಗ ಸಿಗುವುದು ಸತ್ತ ಮೇಲೆ. ಇಲ್ಲದೆ ಹೋದ ಕ್ರಿಯೆ ಮುಂದೆಂದೋ ಬರುವ ಫಲವನ್ನು ಹುಟ್ಟಿಸುವುದು ಹೇಗೆ? ಅದಕ್ಕೆ ಮೀಮಾಂಸಕರು ಕಂಡುಕೊಂಡ ಉತ್ತರ ‘ಅಪೂರ್ವ’. ಸರಿಯಾಗಿ ಮಾಡಿದ ಕರ್ಮ ಕಣ್ಣಿಗೆ ಕಾಣದ ಶಕ್ತಿಯೊಂದನ್ನು ಉಳಿಸಿಹೋಗುತ್ತದೆ. ಕಾಲ ಕೂಡಿದಾಗ ಅದು ಫಲ ಕೊಡುತ್ತದೆ.

ಫುಟ್‌ಬಾಲ್ ಕ್ಲಬ್ಬಿನ ಸ್ಥಿತಿಯೂ ಹೆಚ್ಚುಕಡಿಮೆ ಹೀಗೆಯೇ. ಸಂಕಲ್ಪ, ಹಣ, ಆಟಗಾರರ ಖರೀದಿ ಮಾರಾಟದ ಕೊನೆಯ ಸಹಿ, ಎಲ್ಲವೂ ಮಾಲೀಕರದು. ಕೋಚ್ ಎಂದರೆ ಅವರು ವರಿಸಿದ ಋತ್ವಿಜ. ಕಪ್ ಬಂದರೆ ಕ್ಲಬ್ಬಿನ ಹೆಸರು, ಬೆಲೆ, ಪ್ರಾಯೋಜಕರ ಸಾಲು ಎಲ್ಲ ಏರುತ್ತದೆ. ಅದು ನ್ಯಾಯವೇ, ಯಜಮಾನನಿಗೆ ಫಲ ಸಂದಿತು. ನ್ಯಾಯ ತಪ್ಪುವುದು ಸೋತಾಗ. ಗೆಲುವಿನ ಫಲ ಯಜಮಾನನಿಗೆ ಹೋಗುವುದಾದರೆ ಸೋಲಿನ ಭಾರವಾದರೂ ಅದೇ ದಾರಿ ಹಿಡಿಯಬೇಕಿತ್ತು. ಅದು ಮಾತ್ರ ಋತ್ವಿಜನ ಹೆಗಲೇರುತ್ತದೆ, ಅವನು ಹರಕೆಯ ಕುರಿಯಾಗುತ್ತಾನೆ.

ಕಾಣದ ಫಲ ಕಟ್ಟುತ್ತಿರುವಾಗಲೇ ಕೋಚ್‌ನ ತಲೆ ಕೇಳಿದ ಉದಾಹರಣೆಗಳಲ್ಲಿ ಅಲೆಕ್ಸ್ ಫರ್ಗ್ಯುಸನ್ ಅವರದು ಎಲ್ಲಕ್ಕಿಂತ ದೊಡ್ಡದು. 1986ರ ನವೆಂಬರ್‌ನಲ್ಲಿ ಅವರು ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಬಂದರು. ಮೊದಲ ಋತುವಿನಲ್ಲಿ ತಂಡಕ್ಕೆ 11ನೇ ಸ್ಥಾನ, ಮರುವರ್ಷ 2ನೇ ಸ್ಥಾನ, ಮತ್ತೆ 11, ಆಮೇಲೆ 13. 1989ರ ಸೆಪ್ಟೆಂಬರ್‌ನಲ್ಲಿ ಊರಿನದೇ ಎದುರಾಳಿ ಮ್ಯಾಂಚೆಸ್ಟರ್ ಸಿಟಿ ಕೈಯಲ್ಲಿ 1–5ರ ಹೊಡೆತ ಬಿತ್ತು. ಡಿಸೆಂಬರ್‌ನಲ್ಲಿ ಓಲ್ಡ್ ಟ್ರಾಫರ್ಡ್‌ನಲ್ಲೇ ಕ್ರಿಸ್ಟಲ್ ಪ್ಯಾಲೆಸ್ ಎದುರು ಸೋಲು. ಅಂದು ಪ್ರೇಕ್ಷಕರ ನಡುವೆ ಬಟ್ಟೆಯೊಂದು ಎದ್ದಿತು. ಮೂರು ವರ್ಷ ನೆಪ ಕೇಳಿದ್ದಾಯಿತು, ಆಟ ಇನ್ನೂ ಹಾಗೆಯೇ ಕಳಪೆ, ಫರ್ಗಿ ಇನ್ನು ಹೊರಡು ಎಂಬ ಅರ್ಥದ ಮಾತು ಅದರ ಮೇಲಿತ್ತು. ಬರೆದವನು ಕ್ಲಬ್ಬಿನ ಶತ್ರುವಲ್ಲ, ಜೀವ ಬಿಡುವಷ್ಟು ಪ್ರೀತಿಯ ಅಭಿಮಾನಿ. ಅಂಕಪಟ್ಟಿಯಷ್ಟನ್ನೇ ನೋಡಿದರೆ ಅವನ ಮಾತಿನಲ್ಲಿ ತಪ್ಪು ಹುಡುಕುವುದು ಕಷ್ಟ.

ಅಂಕಪಟ್ಟಿಗೆ ಕಾಣದ್ದು ಬೇರೆಯೇ ಇತ್ತು. 1987ರ ನವೆಂಬರ್ 29ರಂದು, ರಯಾನ್ ಗಿಗ್ಸ್‌ಗೆ ಹದಿನಾಲ್ಕು ತುಂಬಿದ ದಿನವೇ, ಫರ್ಗ್ಯುಸನ್ ಆ ಹುಡುಗನ ಮನೆಗೆ ಹೋಗಿ ಅವನನ್ನು ಕ್ಲಬ್ಬಿಗೆ ಬರೆಸಿಕೊಂಡಿದ್ದರು. 1989ರ ಮೇ ತಿಂಗಳಲ್ಲಿ ಡೇವಿಡ್ ಬೆಕಮ್ ಕೂಡ ಹದಿನಾಲ್ಕನೇ ಹುಟ್ಟುಹಬ್ಬದಂದೇ ಸಹಿ ಹಾಕಿದ್ದ. ಆ ಬಟ್ಟೆ ಎದ್ದಾಗ ಗಿಗ್ಸ್‌ಗೆ ಹದಿನಾರು, ಬೆಕಮ್‌ಗೆ ಹದಿನಾಲ್ಕು. ಮುಂದಿನ ಇಪ್ಪತ್ತು ವರ್ಷಗಳ ಫಲ ಅಲ್ಲೇ, ಅಭ್ಯಾಸದ ಮೈದಾನದಲ್ಲಿ ಓಡಾಡುತ್ತಿತ್ತು. ಮೀಮಾಂಸಕರ ಅಪೂರ್ವಕ್ಕೆ ಇದಕ್ಕಿಂತ ಮೈದುಂಬಿದ ಉದಾಹರಣೆ ಸಿಗಲಾರದು.

1990ರ ಜನವರಿ 7ರಂದು ಎಫ್‌ಎ ಕಪ್‌ನಲ್ಲಿ ನಾಟಿಂಗ್‌ಹ್ಯಾಮ್ ಫಾರೆಸ್ಟ್ ಎದುರು ಪಂದ್ಯ. ಸೋತರೆ ಫರ್ಗ್ಯುಸನ್ ಕತೆ ಮುಗಿಯಿತು ಎಂದು ಪತ್ರಿಕೆಗಳು ಬರೆದಿದ್ದವು. ಮಾರ್ಕ್ ರಾಬಿನ್ಸ್ ಎಂಬ ಇಪ್ಪತ್ತರ ಹುಡುಗನ ಒಂದೇ ಗೋಲಿನಿಂದ ಯುನೈಟೆಡ್ ಗೆದ್ದಿತು. ಆ ವರ್ಷದ ಕಪ್ ಕೂಡ ಅವರದೇ ಆಯಿತು. ಆ ದಿನ ಸೋತಿದ್ದರೂ ಫರ್ಗ್ಯುಸನ್ ಕೆಲಸ ಹೋಗುತ್ತಿರಲಿಲ್ಲ ಎಂದು ಅಧ್ಯಕ್ಷ ಮಾರ್ಟಿನ್ ಎಡ್ವರ್ಡ್ಸ್ ಮುಂದೆ ಹೇಳಿದ್ದಾರೆ. ಆ ಮಾತನ್ನು ನಂಬಿದರೆ, ಈ ಕತೆಯಲ್ಲಿ ರಾಬಿನ್ಸ್‌ಗಿಂತ ಹೆಚ್ಚಿನ ಗೌರವ ಎಡ್ವರ್ಡ್ಸ್‌ಗೆ ಸಲ್ಲಬೇಕು. 2013ರಲ್ಲಿ ನಿವೃತ್ತರಾಗುವ ಹೊತ್ತಿಗೆ ಫರ್ಗ್ಯುಸನ್ ಯುನೈಟೆಡ್‌ಗೆ ಗೆದ್ದುಕೊಟ್ಟ ಲೀಗ್ ಪ್ರಶಸ್ತಿಗಳು 13.

ಬರ್ನಾರ್ಡ್ ವಿಲಿಯಮ್ಸ್ ಮತ್ತು ಥಾಮಸ್ ನೇಗಲ್ ಎಂಬ ಇಬ್ಬರು ತತ್ತ್ವಜ್ಞಾನಿಗಳು 1976ರಲ್ಲಿ ಇದೇ ಗಂಟನ್ನು ಇನ್ನೊಂದು ಕಡೆಯಿಂದ ಬಿಚ್ಚಲು ನೋಡಿದರು. ನಮ್ಮ ಹಿಡಿತದಲ್ಲಿ ಇಲ್ಲದ್ದಕ್ಕೆ ನಮ್ಮನ್ನು ಹೊಗಳುವುದೂ ತೆಗಳುವುದೂ ಸರಿಯಲ್ಲವೆಂದು ಎಲ್ಲರೂ ಒಪ್ಪುತ್ತೇವೆ. ಆದರೂ ದಿನವೂ ಅದೃಷ್ಟದ ಫಲವನ್ನೇ ಹಿಡಿದು ಮನುಷ್ಯರ ಬೆಲೆ ಕಟ್ಟುತ್ತೇವೆ. ಭಗವದ್ಗೀತೆಯ ಹದಿನೆಂಟನೇ ಅಧ್ಯಾಯದಲ್ಲೂ ಈ ಎಚ್ಚರವಿದೆ. ಯಾವುದೇ ಕರ್ಮಕ್ಕೆ ಆಶ್ರಯ, ಕರ್ತೃ, ಸಾಧನ, ಬಗೆಬಗೆಯ ಪ್ರಯತ್ನ, ದೈವ ಎಂದು ಅಲ್ಲಿ ಐದು ಕಾರಣ ಹೇಳಿದೆ. ತಾನೊಬ್ಬನೇ ಕರ್ತೃವೆಂದು ಕಾಣುವವನು ಸರಿಯಾಗಿ ಕಾಣಲಾರ ಎಂದೂ ಇದೆ. ಕೋಚ್ ಐದರಲ್ಲಿ ಒಬ್ಬ. ಜನವರಿ 6ರ ಫರ್ಗ್ಯುಸನ್‌ಗೂ 7ರ ಫರ್ಗ್ಯುಸನ್‌ಗೂ ಯೋಗ್ಯತೆಯಲ್ಲಿ ಕೂದಲೆಳೆಯ ವ್ಯತ್ಯಾಸ ಇರಲಿಲ್ಲ.

ಕೋಚ್ ಬದಲಾದೊಡನೆ ತಂಡ ಗೆಲ್ಲುವುದಿಲ್ಲವೇ ಎಂಬ ಪ್ರಶ್ನೆ ಬರುತ್ತದೆ. ಗೆಲ್ಲುತ್ತದೆ. ಲೆವರ್‌ಕುಸೆನ್ ಕೂಡ ಹೊಸ ಕೋಚ್ ಕಾಸ್ಪರ್ ಹ್ಯೂಲ್‌ಮಂಡ್ ಅವರ ಮೊದಲ ಪಂದ್ಯದಲ್ಲೇ ಫ್ರಾಂಕ್‌ಫರ್ಟನ್ನು 3–1ರಿಂದ ಸೋಲಿಸಿತು. ಆದರೆ ಡಚ್ ಅರ್ಥಶಾಸ್ತ್ರಜ್ಞ ಬಾಸ್ ಟರ್ ವೇಲ್ 1986ರಿಂದ 2004ರವರೆಗಿನ ಡಚ್ ಲೀಗನ್ನು ಜಾಲಾಡಿದಾಗ ಕಂಡದ್ದು ಬೇರೆ: ಅಷ್ಟೇ ಕೆಟ್ಟ ಸ್ಥಿತಿಗೆ ಬಿದ್ದೂ ಹಳೆಯ ಕೋಚ್‌ನನ್ನು ಉಳಿಸಿಕೊಂಡ ತಂಡಗಳೂ ಅದೇ ರೀತಿ ಚೇತರಿಸಿಕೊಂಡಿದ್ದವು. ಪಾತಾಳ ಮುಟ್ಟಿದ ತಂಡ ಹೇಗೂ ಮೇಲೆ ಬರುತ್ತದೆ; ಹೊಸಬನಿಗೆ ಹೆಸರು ಬರುತ್ತದೆ.

ಹಾಗಾದರೆ ಕೋಚ್‌ನನ್ನು ತೆಗೆಯಲೇಬಾರದೇ? ಈ ಪ್ರಶ್ನೆಗೆ ಮನುಸ್ಮೃತಿಯ ಎಂಟನೇ ಅಧ್ಯಾಯದಲ್ಲಿ ಒಂದು ಕಟ್ಟಳೆ ಸಿಗುತ್ತದೆ. ಆ ಗ್ರಂಥದ ಎಷ್ಟೋ ವಿಧಿಗಳು ಇಂದು ತಳ್ಳಿಹಾಕಲೇಬೇಕಾದವು, ಅದರಲ್ಲಿ ಎರಡು ಮಾತಿಲ್ಲ. ಆದರೆ ಈ ಕಟ್ಟಳೆಯ ತೂಕ ನೋಡಬೇಕು. ಕರ್ಮದಲ್ಲಿ ಸಮರ್ಥನೂ ದೋಷರಹಿತನೂ ಆದ ಋತ್ವಿಜನನ್ನು ಯಜಮಾನ ಬಿಟ್ಟರೆ ಯಜಮಾನನಿಗೆ ನೂರು ಪಣ ದಂಡ. ಹಾಗೆಯೇ ದೋಷವಿಲ್ಲದ ಯಜಮಾನನನ್ನು ಋತ್ವಿಜ ಬಿಟ್ಟು ಹೋದರೆ ಅವನಿಗೂ ಅಷ್ಟೇ ದಂಡ. ಕೇಳಬೇಕಾದದ್ದು ಎರಡೇ: ಸಾಮರ್ಥ್ಯ ಇದೆಯೇ, ದೋಷ ಇದೆಯೇ? ಫಲ ಬಂತೇ ಎಂಬ ಮೂರನೇ ಪ್ರಶ್ನೆ ಅಲ್ಲಿಲ್ಲ.

ಈ ಅಳತೆ ಕೋಚ್‌ಗಳನ್ನು ಕಣ್ಣುಮುಚ್ಚಿ ಕಾಪಾಡುವುದಿಲ್ಲ. 2025ರ ಮೇ 21ರಂದು ಬಿಲ್ಬಾವೊದಲ್ಲಿ ಟಾಟೆನ್‌ಹ್ಯಾಮ್ ಯುರೋಪಾ ಲೀಗ್ ಗೆದ್ದಿತು. 2008ರ ನಂತರ ಆ ಕ್ಲಬ್ ಕಂಡ ಮೊದಲ ಕಪ್ ಅದು. ಜೂನ್ 6ರಂದು ಕೋಚ್ ಆಂಜ್ ಪೋಸ್ಟೆಕೊಗ್ಲು ವಜಾ. ಅಭಿಮಾನಿಗಳಲ್ಲಿ ಅನೇಕರು ಕಣ್ಣೀರಿಟ್ಟರು. ಆದರೆ ಅದೇ ಋತುವಿನ ಲೀಗಿನಲ್ಲಿ ಅವರ ತಂಡ 38ರಲ್ಲಿ 22 ಪಂದ್ಯ ಸೋತು 17ನೇ ಸ್ಥಾನಕ್ಕೆ ಜಾರಿತ್ತು. ಎರಡು ಪೂರ್ತಿ ಋತುಗಳ ಕೆಲಸ ನೋಡಿ ಕ್ಲಬ್ ತೀರ್ಮಾನಕ್ಕೆ ಬಂದಿತು. ಒಂದು ರಾತ್ರಿಯ ಸೋಲು ಒಬ್ಬನನ್ನು ಮುಳುಗಿಸಬಾರದು ಎನ್ನುವವರು ಒಂದು ರಾತ್ರಿಯ ಗೆಲುವು ಅವನನ್ನು ತೇಲಿಸಬೇಕೆಂದು ಕೇಳುವಂತಿಲ್ಲ. ಟಾಟೆನ್‌ಹ್ಯಾಮ್ ನಿರ್ಧಾರ ಕಠಿಣ. ಅನ್ಯಾಯ ಎನ್ನಲು ಆಗದು.

ಕಟ್ಟಳೆಯ ಇನ್ನೊಂದು ಮಗ್ಗುಲನ್ನೂ ಬಿಡಬಾರದು. 2022ರ ಸೆಪ್ಟೆಂಬರ್‌ನಲ್ಲಿ ಗ್ರಹಾಂ ಪಾಟರ್ ಋತುವಿನ ನಡುವೆಯೇ ಬ್ರೈಟನ್ ಬಿಟ್ಟು ಚೆಲ್ಸಿ ಸೇರಿದರು. ಮುಂದಿನ ಏಪ್ರಿಲ್‌ನಲ್ಲಿ ಚೆಲ್ಸಿ ಅವರನ್ನು ತೆಗೆಯಿತು. ತಾವು ನಡುನೀರಲ್ಲಿ ಬಿಟ್ಟು ಬರುವ ಕೋಚ್‌ಗಳು ಕ್ಲಬ್ಬುಗಳ ನಿಷ್ಠೆ ಪ್ರಶ್ನಿಸುವಾಗ ಮಾತಿನ ಬಲ ಅರ್ಧ ಕುಗ್ಗುತ್ತದೆ.

ಕೋಟಿಗಟ್ಟಲೆ ಪರಿಹಾರ ಸಿಗುವವರಿಗೆ ಮರುಗುವುದೇಕೆ ಎಂಬ ಮಾತೂ ಇದೆ. ಆ ಹಣ ಎಲ್ಲಿಂದ ಬರುತ್ತದೆ ಎಂದು ನೋಡಿದರೆ ಮರುಕ ಬೇರೆ ಕಡೆ ಹರಿಯುತ್ತದೆ. ಇದೇ ಟೆನ್ ಹಾಗ್ ಜೊತೆ ಮ್ಯಾಂಚೆಸ್ಟರ್ ಯುನೈಟೆಡ್ 2024ರ ಜುಲೈನಲ್ಲಿ ಕರಾರು ವಿಸ್ತರಿಸಿ ಅಕ್ಟೋಬರ್‌ನಲ್ಲಿ ವಜಾ ಮಾಡಿತು. ಅವರಿಗೆ, ಅವರ ಸಹಾಯಕರಿಗೆ ಮತ್ತು ಕೆಲವೇ ತಿಂಗಳಲ್ಲಿ ಹೊರಹೋದ ಕ್ರೀಡಾ ನಿರ್ದೇಶಕರಿಗೆ ಕೊಟ್ಟ ಒಟ್ಟು ಮೊತ್ತ ಸುಮಾರು 1.45 ಕೋಟಿ ಪೌಂಡ್. ಅದೇ ವರ್ಷ ಖರ್ಚು ಉಳಿಸಲೆಂದು ಕ್ಲಬ್ ಸುಮಾರು 250 ನೌಕರರನ್ನು ಕೆಲಸದಿಂದ ತೆಗೆಯಿತು. ಮರುವರ್ಷ ಮತ್ತಷ್ಟು ಜನರ ಸರದಿ ಬಂತು. ಉಳಿದ ನೌಕರರಿಗೆ ಕ್ಯಾಂಟೀನಿನ ಉಚಿತ ಊಟವೂ ನಿಂತಿತು. ಮೇಲೆ ಕೂತವರು ಅವಸರದಲ್ಲಿ ಮಾಡಿದ ಆಯ್ಕೆ, ಅವಸರದಲ್ಲಿ ಮುರಿದ ಮಾತು. ಭಾರ ಬಿದ್ದದ್ದು ಗೋಲಿಗೂ ಅಂಕಪಟ್ಟಿಗೂ ಸಂಬಂಧವೇ ಇಲ್ಲದವರ ಅನ್ನದ ಮೇಲೆ. ಈ ಇಡೀ ವಿಚಾರದಲ್ಲಿ ಮನಸ್ಸು ಕಲಕುವ ಸಂಗತಿ ಇದೇ.

ಬೆಂಗಳೂರಿಗೂ ಇದು ಹೊರಗಿನ ಮಾತಲ್ಲ. 2019ರಲ್ಲಿ ಬೆಂಗಳೂರು ಎಫ್‌ಸಿಗೆ ಮೊದಲ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಪ್ರಶಸ್ತಿ ತಂದುಕೊಟ್ಟ ಕಾರ್ಲೆಸ್ ಕ್ವಾದ್ರಾತ್ 2021ರ ಜನವರಿಯಲ್ಲಿ, ಸಾಲು ಸೋಲುಗಳ ಬೆನ್ನಲ್ಲೇ, ಋತುವಿನ ನಡುವೆ ನಿರ್ಗಮಿಸಿದರು.

ಬೇರೆ ದಾರಿಯೂ ಇದೆಯೆಂದು ತೋರಿಸಿದ್ದು ಜರ್ಮನಿಯ ಫ್ರೈಬರ್ಗ್. ಅಲ್ಲಿ ಫೋಲ್ಕರ್ ಫಿಂಕೆ 1991ರಿಂದ 2007ರವರೆಗೆ ಕೋಚ್ ಆಗಿದ್ದರು. ಆ ಅವಧಿಯಲ್ಲಿ ತಂಡ ಮೂರು ಸಲ ಕೆಳದರ್ಜೆಗೆ ಇಳಿಯಿತು, ಮೂರು ಸಲವೂ ಕ್ಲಬ್ ಅವರ ಕೈಬಿಡಲಿಲ್ಲ. 2015ರಲ್ಲಿ ಕ್ರಿಸ್ಟಿಯನ್ ಶ್ಟ್ರೈಶ್ ಕಾಲದಲ್ಲಿ ಕೊನೆಯ ದಿನದ ಸೋಲಿನಿಂದ ಮತ್ತೆ ಇಳಿಯಿತು. ಶ್ಟ್ರೈಶ್ ಉಳಿದರು. ಮರುವರ್ಷ ಎರಡನೇ ದರ್ಜೆ ಗೆದ್ದು ತಂಡ ಮೇಲೆ ಬಂತು, 2022ರಲ್ಲಿ ಜರ್ಮನ್ ಕಪ್‌ನ ಫೈನಲ್ ಆಡಿತು. 2024ರಲ್ಲಿ ಶ್ಟ್ರೈಶ್ ತಾವಾಗಿಯೇ ಹೊರಟರು. ಫ್ರೈಬರ್ಗ್ ದೊಡ್ಡ ಹಣದ ಕ್ಲಬ್ಬೇನೂ ಅಲ್ಲ.

ಲೆವರ್‌ಕುಸೆನ್ ಪರವಾಗಿ ಹೇಳಬಹುದಾದದ್ದನ್ನೂ ಹೇಳಬೇಕು. ಈ ವ್ಯವಸ್ಥೆಯಲ್ಲಿ ಹೊಸ ತಂಡ ಕಟ್ಟಲು ಆಗದು ಎಂದು ಆ ವಾರಗಳಲ್ಲಿ ಮನವರಿಕೆಯಾಯಿತು ಎಂಬುದು ಕ್ಲಬ್ ಕೊಟ್ಟ ವಿವರಣೆ. ಅಂದರೆ ಅವರೂ ಫಲದ ಮಾತಾಡಲಿಲ್ಲ, ಸಾಮರ್ಥ್ಯದ ಮಾತಾಡಿದರು. ಆದರೆ ಸಾಮರ್ಥ್ಯ ಪರೀಕ್ಷಿಸುವ ಹೊತ್ತು ವರಣಕ್ಕೆ, ಅಂದರೆ ಆಯ್ಕೆಗೆ, ಮುಂಚಿನದು. ಟೆನ್ ಹಾಗ್ ಹೊಸಬರಲ್ಲ. ಆಯಾಕ್ಸ್, ಯುನೈಟೆಡ್ ಎರಡೂ ಕಡೆ ಅವರು ಹೇಗೆ ಕೆಲಸ ಮಾಡುತ್ತಾರೆ ಎಂಬುದು ಮೇ ತಿಂಗಳಲ್ಲಿ ಆಯ್ಕೆ ಮಾಡಿದಾಗಲೇ ಎಲ್ಲರಿಗೂ ತಿಳಿದಿತ್ತು. ಆಯ್ಕೆ ತಪ್ಪಿದ್ದರೆ ಆ ತಪ್ಪು ಆಯ್ದವರದು, ಅವರು ತಮ್ಮ ಕುರ್ಚಿಯಲ್ಲೇ ಉಳಿದರು. ಹೊಸದಾಗಿ ಕಟ್ಟುತ್ತೇವೆಂದು ಘೋಷಿಸುವ ಪ್ರತಿ ಕ್ಲಬ್ ಎಷ್ಟು ಋತು ಕಾಯುತ್ತದೆ, ಯಾವ ಗುರುತು ನೋಡಿ ಅಳೆಯುತ್ತದೆ ಎಂಬುದನ್ನು ಕರಾರಿನ ದಿನವೇ ಬಹಿರಂಗವಾಗಿ ಬರೆದಿಡಬೇಕು. ತಂಡ ಸೋತಾಗ ಕೋಚ್‌ನ ತಲೆ ಕೇಳುವ ಅಭಿಮಾನಿಗಳು, ಬೆಂಗಳೂರಿನ ಕಂಠೀರವ ಕ್ರೀಡಾಂಗಣದವರೂ ಸೇರಿ, ಮೊದಲು ಆಡಳಿತ ಮಂಡಳಿಯಿಂದ ಆ ಕಾಗದ ಕೇಳಲಿ.